ಗೊಜ್ಜಿನಿಂದ ಮದ್ದಿಗೆ

ಇಂಗ್ಲಿಷಿನ ‘ಡೋಪ್’ ಎಂಬ ಮಾತು ಹುಟ್ಟಿದ್ದು ಅಡುಗೆಮನೆಯಲ್ಲಿ. ಡಚ್ಚರ ನುಡಿಯಲ್ಲಿ ‘ದೋಪ್’ ಎಂದರೆ ಅದ್ದಿಕೊಂಡು ತಿನ್ನುವ ಗೊಜ್ಜು. ಅಮೆರಿಕದಲ್ಲಿ ನೆಲಸಿದ ಡಚ್ಚರಿಂದ ಅದು ಇಂಗ್ಲಿಷನ್ನು ಸೇರಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸೇದುವ ಅಫೀಮಿಗೂ ಅದೇ ಹೆಸರಾಯಿತು. ಎರಡೂ ಮಂದವಾದ ರಸವಲ್ಲವೆ! ಅಲ್ಲಿಂದ ಮಾತು ಕುದುರೆಲಾಯವನ್ನು ಹೊಕ್ಕಿತು. ಪಂದ್ಯದ ಕುದುರೆಗೆ ಗುಟ್ಟಾಗಿ ಉಣಿಸುವ ಔಷಧಿ ‘ಡೋಪ್’ ಎನಿಸಿತು. ಓಟ ಹೆಚ್ಚಿಸಲು ಕೊಡುವುದೂ ಉಂಟು, ಕುಗ್ಗಿಸಲು ಕೊಡುವುದೂ ಉಂಟು.

ನಮ್ಮ ಪತ್ರಿಕೆಗಳು ಇದನ್ನು ‘ಉದ್ದೀಪನ ಮದ್ದು’ ಎಂದು ಕನ್ನಡಿಸಿವೆ. ‘ಉದ್ದೀಪನ’ ನನಗೆ ಅಷ್ಟಾಗಿ ಒಪ್ಪದು. ಅಲಂಕಾರಶಾಸ್ತ್ರದಲ್ಲಿ ಅದಕ್ಕೆ ಬೆಳುದಿಂಗಳು, ತಂಗಾಳಿಗಳ ಸಹವಾಸ! ‘ಮದ್ದು’ ಮಾತ್ರ ತಕ್ಕ ಮಾತು. ಔಷಧಿಯೂ ಮದ್ದೇ, ಕೋವಿಗೆ ತುಂಬುವುದೂ ಮದ್ದೇ. ‘ಮದ್ದು ಹಾಕಿದರು’ ಎಂದರೆ, ತಿಳಿಯದಂತೆ ಅನ್ನದಲ್ಲಿ ಕೆಟ್ಟದ್ದನ್ನು ಬೆರೆಸಿಕೊಟ್ಟರೆಂದೇ ಹಳ್ಳಿಯವರು ಅರ್ಥಮಾಡುವರು.

ಪೂರ್ವ ಜರ್ಮನಿಯಲ್ಲಿ ನಡೆದುದೂ ಅದೇ. 1974ರಲ್ಲಿ ಸರ್ಕಾರವೇ ಗುಟ್ಟಾಗಿ ಹಾಕಿದ ಯೋಜನೆಯಂತೆ, ಈಜುವ ಎಳೆಯ ಹುಡುಗಿಯರಿಗೂ ಜೀವಸತ್ವವೆಂದು ಹೇಳಿ ನೀಲಿ ಗುಳಿಗೆ ನುಂಗಿಸಿದರು. ಅದು ಗಂಡು ಹಾರ್ಮೋನಿನ ಜಾತಿಯದು. ಹಲವರ ದನಿ ಗಡುಸಾಯಿತು. ಮುಂದೆ ರೋಗಗಳೂ ಕಾಡಿದವು. 2000ದಲ್ಲಿ ಬರ್ಲಿನ್ನಿನ ನ್ಯಾಯಾಲಯವು ಕ್ರೀಡಾಡಳಿತದ ಮುಖ್ಯಸ್ಥನನ್ನು ಅಪರಾಧಿಯೆಂದು ತೀರ್ಮಾನಿಸಿ 22 ತಿಂಗಳ ಸಜೆ ವಿಧಿಸಿತು. ಆದರೆ ಸಜೆಯನ್ನು ಅಮಾನತಿನಲ್ಲಿಟ್ಟುದರಿಂದ ಆತ ಸೆರೆಮನೆಗೆ ಹೋಗಲಿಲ್ಲ.