ವಾರ್ಸಾದ ಅಗ್ಗದ ಊಟಕ್ಕೆ ಯಾರ ದುಡ್ಡು?

ವಾರ್ಸಾದಲ್ಲಿ ಹೊರಗೆ ಊಟ ಮಾಡುವುದಾದರೆ ಎಲ್ಲಿ ಎಂದು ಕೇಳುವವರಿಗೆ ನನ್ನದು ಒಂದೇ ಉತ್ತರ: ‘ಬಾರ್ ಮ್ಲೆಚ್ನಿ’ಗೆ ಹೋಗಿ. ಹಾಲಿನ ಬಾರು. ಹುಬ್ಬೇರಿಸಬೇಡಿ, ಅಲ್ಲಿ ಮದ್ಯದ ಮಾತೇ ಇಲ್ಲ. ಮಗಳು ಆ ಊರಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ಬೇಸಿಗೆ ಬಂತೆಂದರೆ ನಾನೂ ಅಲ್ಲಿಗೆ ಹೊರಡುತ್ತೇನೆ. ಅವಳು ಆಫೀಸಿಗೆ ಹೋದ ಮೇಲೆ ಮಧ್ಯಾಹ್ನದ ಊಟ ನನ್ನ ಪಾಡು. ಬ್ಯಾಂಕಿನ ಆಡಿಟ್ ವಿಭಾಗದಲ್ಲಿ ಕೂದಲು ನರೆಸಿಕೊಂಡವನಾದ್ದರಿಂದ ಎಲ್ಲಿ ಹೋದರೂ ತಟ್ಟೆಗಿಂತ ಮೊದಲು ಬೆಲೆಪಟ್ಟಿಯ ಮೇಲೆ ಕಣ್ಣು ಬೀಳುತ್ತದೆ. ಇಲ್ಲಿನ ಪಟ್ಟಿಯಲ್ಲಿ ದುಂಡಗಿನ ಬೆಲೆ ಎಂಬುದೇ ಅಪರೂಪ. ಒಂದು ಝ್ಲೋತಿಗೆ ನೂರು ಗ್ರೋಶ್. ಸೂಪಿನ ಬೆಲೆಗೆ ಮೂವತ್ತೇಳೋ ಎಂಬತ್ತೊಂದೋ ಗ್ರೋಶಿನ ಬಾಲ. ಕೆನೆಗೆ ಬೇರೆ, ಸಕ್ಕರೆಗೆ ಬೇರೆ, ಒಂದು ತುಂಡು ಬ್ರೆಡ್ಡಿಗೂ ಬೇರೆ ದರ. ಲಾಭಕ್ಕೆಂದು ಅಂಗಡಿ ಇಟ್ಟವನು ಹೀಗೆ ಬೆಲೆ ಕಟ್ಟುವುದಿಲ್ಲ. ಯಾರಿಗೋ ಲೆಕ್ಕ ಒಪ್ಪಿಸಬೇಕಾದವನು ಮಾತ್ರ ಕಟ್ಟುತ್ತಾನೆ.

ಆ ‘ಯಾರೋ’ ಪೋಲೆಂಡಿನ ಸರ್ಕಾರ. ಅಡುಗೆಗೆ ಬಳಸಿದ ಸಾಮಾನಿನ ವೆಚ್ಚದಲ್ಲಿ ಒಂದು ಪಾಲನ್ನು ಬೊಕ್ಕಸ ತುಂಬಿಕೊಡುತ್ತದೆ. ಬದಲಿಗೆ ಹೋಟೆಲಿನವನು ಮಿತಿ ಮೀರಿ ಲಾಭ ಇಡುವಂತಿಲ್ಲ. ಯಾವ ಸಾಮಾನಿಗೆ ಸಬ್ಸಿಡಿ ಎಂಬ ಪಟ್ಟಿಯೂ ಇದೆ: ಹಾಲು, ಗಿಣ್ಣು, ಮೊಟ್ಟೆ, ಹಿಟ್ಟು, ಆಲೂಗಡ್ಡೆ, ಕೋಸು, ಬೀಟ್‌ರೂಟು. ಮಾಂಸ ಅದರಲ್ಲಿಲ್ಲ. ಮಾಂಸದ ಅಡುಗೆಯನ್ನೂ ಮಾರಬಹುದು, ಆದರೆ ಅದಕ್ಕೆ ಪೂರ್ತಿ ಬೆಲೆ. ಹಂದಿಮಾಂಸವೇ ಹಬ್ಬವಾಗಿರುವ ನಾಡಿನಲ್ಲಿ ನನ್ನಂಥ ಸೊಪ್ಪುಸದೆಯವನಿಗೆ ಸರ್ಕಾರಿ ಖರ್ಚಿನಲ್ಲಿ ಊಟ ಸಿಗುವುದು ಹೀಗೆ.

ಇದೆಲ್ಲ ಕಮ್ಯುನಿಸ್ಟರ ಸೃಷ್ಟಿ ಎಂದು ಪ್ರವಾಸಿಗಳ ಗುಂಪಿಗೆ ವಿವರಿಸುವ ಗೈಡುಗಳ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಶುರು ಮಾಡಿದವನು ಜಮೀನುದಾರ. ಸ್ತಾನಿಸ್ವಾವ್ ದ್ವುಝೆವ್‌ಸ್ಕಿ ಎಂಬಾತ 1896ರಲ್ಲಿ ನೋವಿ ಶ್ವಿಯಾತ್ ಬೀದಿಯಲ್ಲಿ ‘ಮ್ಲೆಚಾರ್ನಿಯಾ ನಾದ್‌ಶ್ವಿದ್ಜಾನ್‌ಸ್ಕಾ’ ಎಂಬ ಹಾಲಿನ ಉಪಾಹಾರ ಗೃಹ ತೆರೆದ. ಪೋಲೆಂಡ್ ಎಂಬ ದೇಶವೇ ಆಗ ಭೂಪಟದಲ್ಲಿರಲಿಲ್ಲ. ವಾರ್ಸಾ ರಷ್ಯಾದ ಝಾರನ ಕೈಯಲ್ಲಿತ್ತು. ಹಾಲು, ಮೊಟ್ಟೆ, ಹಿಟ್ಟಿನ ತಿಂಡಿಗಳು ಅಲ್ಲಿ ಕಡಿಮೆ ಬೆಲೆಗೆ ಸಿಗುತ್ತಿದ್ದವು. ಹಳ್ಳಿಯಲ್ಲಿ ಹಾಲು ಕರೆಯುವವನಿಗೂ ಪಟ್ಟಣದ ಬರಿಗಿಸೆಯ ಗುಮಾಸ್ತನಿಗೂ ಇಬ್ಬರಿಗೂ ಗಿಟ್ಟುವ ವ್ಯಾಪಾರ. ಮಾದರಿ ಹಬ್ಬಿತು. 1918ರಲ್ಲಿ ದೇಶ ಸ್ವತಂತ್ರವಾಯಿತು, 1930ರ ದಶಕದಲ್ಲಿ ಜಗತ್ತಿನ ಆರ್ಥಿಕ ಕುಸಿತ ಪೋಲೆಂಡನ್ನೂ ಹಿಂಡಿತು. ಜೇಬು ಬರಿದಾದಷ್ಟೂ ಈ ಹೋಟೆಲುಗಳಿಗೆ ಗಿರಾಕಿ ಹೆಚ್ಚಿದರು.

ಆಮೇಲೆ ಯುದ್ಧ. 1944ರ ದಂಗೆಯನ್ನು ಅಡಗಿಸಿದ ಜರ್ಮನರು ಊರನ್ನು ಬೀದಿ ಬೀದಿಯಾಗಿ ನೆಲಸಮ ಮಾಡಿದರು. ಅದರ ಮೇಲೆ ಮತ್ತೆ ಕಟ್ಟಿದ ವಾರ್ಸಾದಲ್ಲಿ ಅಧಿಕಾರ ಕಮ್ಯುನಿಸ್ಟರದು. ಖಾಸಗಿ ಹೋಟೆಲುಗಳು ಒಂದೊಂದಾಗಿ ಸರ್ಕಾರದ ಪಾಲಾದವು ಅಥವಾ ಬಾಗಿಲು ಹಾಕಿದವು. ಕಾರ್ಖಾನೆಯವರಿಗೆ ಕ್ಯಾಂಟೀನ್ ಇತ್ತು. ಅದಿಲ್ಲದ ಗುಮಾಸ್ತ, ವಿದ್ಯಾರ್ಥಿ, ಒಂಟಿ ಮುದುಕಿಯರಿಗೆಲ್ಲ ಹಾಲಿನ ಬಾರೇ ಗತಿ. ಜಮೀನುದಾರನ ಯೋಜನೆಯನ್ನು ಜಮೀನು ಕಿತ್ತುಕೊಂಡವರೇ ಎತ್ತಿ ಆಡಿಸಿದರು. ಇದಕ್ಕೆ ಬಡವರ ಮೇಲಿನ ಪ್ರೀತಿಯೊಂದೇ ಕಾರಣ ಎಂದು ನಾನು ನಂಬುವುದಿಲ್ಲ. ಆ ಸರ್ಕಾರಕ್ಕೆ ಮಾಂಸ ಯಾವತ್ತೂ ತಲೆನೋವು. 1970, 1976, 1980, ಮೂರು ಸಲವೂ ಆಹಾರದ, ಅದರಲ್ಲೂ ಮಾಂಸದ, ಬೆಲೆ ಏರಿಸಲು ಹೋಗಿ ಕಾರ್ಮಿಕರ ಸಿಟ್ಟಿಗೆ ಸಿಕ್ಕಿಬಿತ್ತು. 1981ರಲ್ಲಿ ಮಾಂಸಕ್ಕೆ ಕೂಪನ್ ಬಂತು, 1989ರವರೆಗೂ ಹೋಗಲಿಲ್ಲ. ಅಂಥ ಕಡೆ ಮಾಂಸ ಕೇಳದ ಹೋಟೆಲು ಖಜಾನೆಗೆ ಎಷ್ಟು ಹಿತ ಎಂಬುದನ್ನು ಲೆಕ್ಕ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ.

ಒಳಗಿನ ಪದ್ಧತಿ ನಮ್ಮ ದರ್ಶಿನಿಯವರಿಗೆ ಹೊಸದಲ್ಲ. ಮೊದಲು ಕ್ಯಾಷಿಯರ್ ಹತ್ತಿರ ದುಡ್ಡು ಕೊಟ್ಟು ಚೀಟಿ ತೆಗೆದುಕೊಳ್ಳಬೇಕು, ಅದನ್ನು ಅಡುಗೆಮನೆಯ ಕಿಂಡಿಗೆ ಕೊಟ್ಟು ಪಕ್ಕಕ್ಕೆ ಸರಿದು ನಿಲ್ಲಬೇಕು. ವ್ಯತ್ಯಾಸವೆಂದರೆ ಇಲ್ಲಿ ಕುರ್ಚಿ ಉಂಟು. ಬಿಳಿ ಏಪ್ರನ್ನಿನ ಹೆಂಗಸು ತಿಂಡಿಯ ಹೆಸರು ಕೂಗುತ್ತಾಳೆ, ಒಮ್ಮೆ, ಬಹಳವೆಂದರೆ ಎರಡು ಸಲ. ನಗು ನಿರೀಕ್ಷಿಸಬೇಡಿ, ಅದಕ್ಕೆ ಸಬ್ಸಿಡಿ ಇಲ್ಲ. ನಾನು ಹೆಚ್ಚಾಗಿ ತೆಗೆದುಕೊಳ್ಳುವುದು ‘ಪಿಯೆರೋಗಿ ರುಸ್ಕಿಯೆ’. ಕಡುಬಿನಂತೆ ಅರ್ಧಚಂದ್ರಾಕಾರ, ಅಂಚು ಬೆರಳಿನಲ್ಲಿ ಒತ್ತಿದ ಗುರುತು, ಒಳಗೆ ಆಲೂಗಡ್ಡೆ, ಹುಳಿ ಗಿಣ್ಣು, ಹುರಿದ ಈರುಳ್ಳಿ. ನೀರಿನಲ್ಲಿ ಬೇಯಿಸಿ ಬಿಸಿಬಿಸಿಯಾಗಿ ತಟ್ಟೆಗೆ ಜಾರಿಸುತ್ತಾರೆ. ಅಪಾಯ ಇರುವುದು ಕೊನೆಯ ಕ್ಷಣದಲ್ಲಿ: ಕಿಂಡಿಯಾಚೆಯ ಸೌಟು ಒಂದು ಪಾತ್ರೆಗೆ ಅದ್ದಿ ಮೇಲೆ ಬಂದರೆ ಅದರಲ್ಲಿ ಕರಗಿದ ಹಂದಿಕೊಬ್ಬು, ಕರಿದ ಚೂರು. ಚೀಟಿ ಕೊಡುವಾಗಲೇ ‘ಬೆಜ್ ಸ್ಕ್ವಾರೆಕ್’, ಅಂದರೆ ಆ ಚೂರಿಲ್ಲದೆ, ಎಂದು ಗಟ್ಟಿಯಾಗಿ ಹೇಳಿಬಿಡಬೇಕು. ಸಿಹಿ ಬೇಕಿದ್ದರೆ ಗಿಣ್ಣು ತುಂಬಿ ಮಡಿಸಿದ ‘ನಲೆಶ್ನಿಕಿ’, ಅಥವಾ ಅನ್ನದ ಮೇಲೆ ಸ್ಟ್ರಾಬೆರಿ, ಕೆನೆ, ಸಕ್ಕರೆ. ಅನ್ನಕ್ಕೆ ಸ್ಟ್ರಾಬೆರಿ! ಕುಡಿಯಲು ಹಣ್ಣು ಬೇಯಿಸಿದ ನೀರು, ‘ಕೊಂಪೋತ್’. ತಿಂದ ಮೇಲೆ ಎಂಜಲು ತಟ್ಟೆಯನ್ನು ಇನ್ನೊಂದು ಕಿಂಡಿಗೆ ನೀವೇ ಒಯ್ದಿಡಬೇಕು.

ಪೋಲಿಷರು ಈ ಹೋಟೆಲುಗಳನ್ನು ಪ್ರೀತಿಸಿದ್ದಾರೆ, ಅಷ್ಟೇ ಗೇಲಿಯನ್ನೂ ಮಾಡಿದ್ದಾರೆ. ವಿಶ್ವವಿದ್ಯಾಲಯದ ಬಳಿಯ ಬಾರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ‘ಕರಾಲುಖ್’, ಅಂದರೆ ಜಿರಲೆ. ಸ್ತಾನಿಸ್ವಾವ್ ಬರೆಯಾ ನಿರ್ದೇಶಿಸಿ 1981ರಲ್ಲಿ ತೆರೆಕಂಡ ‘ಮಿಶ್’ ಚಿತ್ರದಲ್ಲಿ ಹಾಲಿನ ಬಾರಿನ ಒಂದು ದೃಶ್ಯವಿದೆ: ಬಟ್ಟಲುಗಳನ್ನು ಮೇಜಿಗೆ ಸ್ಕ್ರೂ ಹಾಕಿ ಬಿಗಿದಿದ್ದಾರೆ, ಚಮಚಗಳನ್ನು ಸರಪಳಿಯಲ್ಲಿ ಕಟ್ಟಿದ್ದಾರೆ. ನಗೆಗಾಗಿ ಉಬ್ಬಿಸಿದ್ದು ಅದು. ಆದರೂ ನೋಡಿದವರಿಗೆಲ್ಲ ಅದೇ ನಿಜವಾಗಿ ನೆನಪಿನಲ್ಲಿ ಉಳಿದಂತಿದೆ.

1989ರಲ್ಲಿ ಆಡಳಿತ ಬದಲಾಯಿತು, ಮರುವರ್ಷದ ಜನವರಿಯಲ್ಲಿ ಬೆಲೆಗಳ ಮೇಲಿನ ಹಿಡಿತ ಸಡಿಲಿತು, ಪಿಜ್ಜಾ ಬರ್ಗರ್ ಬಂದವು. ನಡುಪಟ್ಟಣದ ಬಾಡಿಗೆಯ ಎದುರು ಸೂಪಿನ ಗ್ರೋಶು ನಿಲ್ಲುವುದುಂಟೇ? ಬಾರುಗಳು ಸಾಲುಸಾಲಾಗಿ ಮುಚ್ಚಿದವು. ಮಾರ್ಶವ್ಕೋವ್‌ಸ್ಕಾ ಬೀದಿಯಲ್ಲಿ 1954ರಿಂದ ಇದ್ದ ‘ಪ್ರಸೋವಿ’ 2011ರಲ್ಲಿ ಬಾಗಿಲು ಹಾಕಿದಾಗ ಮಾತ್ರ ಜನ ಸುಮ್ಮನಿರಲಿಲ್ಲ. ಆ ಡಿಸೆಂಬರಿನಲ್ಲಿ ಕಾರ್ಯಕರ್ತರ ಗುಂಪೊಂದು ಒಳನುಗ್ಗಿ ಒಲೆ ಹಚ್ಚಿ ಊಟ ಬಡಿಸಿತು. ಪೊಲೀಸರು ಹೊರಹಾಕಿದರು. ಆದರೆ ಸುದ್ದಿ ಊರೆಲ್ಲ ಹಬ್ಬಿ, 2013ರಲ್ಲಿ ಅದೇ ಜಾಗದಲ್ಲಿ ಅದೇ ಹೆಸರಿನ ಹಾಲಿನ ಬಾರು ಮತ್ತೆ ತೆರೆಯಿತು. ಊಟದ ಹೋಟೆಲಿಗಾಗಿ ಧರಣಿ ಕೂತವರ ಬಗ್ಗೆ ನನಗೆ ವಿಶೇಷ ಗೌರವ.

ಸಬ್ಸಿಡಿಯ ಜಗಳಗಳಲ್ಲಿ ನನಗೆ ಅತಿ ಇಷ್ಟವಾದದ್ದು 2015ರದು. ಆ ವರ್ಷದ ಆರಂಭದಲ್ಲಿ ಹಣಕಾಸು ಸಚಿವಾಲಯದ ಹೊಸ ಪಟ್ಟಿ ಬಂತು. ಆಲೂಗಡ್ಡೆ ಇತ್ತು, ಹಿಟ್ಟಿತ್ತು, ಮೆಣಸು, ಮರುಗದಂಥ ಮಸಾಲೆಗಳಿರಲಿಲ್ಲ. ಪಟ್ಟಿಯಲ್ಲಿಲ್ಲದ್ದನ್ನು ಹಾಕಿದರೆ ಆ ತಿಂಡಿಯ ಸಬ್ಸಿಡಿ ಹೋಯಿತು. ಒಂದು ಚಿಟಿಕೆ ಕರಿಮೆಣಸಿಗೆ ಇಡೀ ಕಡಾಯಿ ಸೂಪಿನ ಲೆಕ್ಕ ತಿರಸ್ಕೃತ! ಅಂಥ ಆಕ್ಷೇಪಣೆಗಳನ್ನು ಬರೆದೇ ಸಂಬಳ ಎಣಿಸಿದವನು ನಾನು; ಆದರೂ ಇದನ್ನು ಬರೆಯಲು ನನ್ನ ಪೆನ್ನೂ ಹಿಂಜರಿಯುತ್ತಿತ್ತು. ಹೋಟೆಲಿನವರು ಬೊಬ್ಬೆ ಹಾಕಿದರು, ಪತ್ರಿಕೆಗಳು ನಕ್ಕವು, ಅದೇ ವರ್ಷ ಸಚಿವಾಲಯ ಪಟ್ಟಿಯನ್ನು ತಿದ್ದಿ ಮಸಾಲೆಗಳನ್ನು ಸೇರಿಸಿಕೊಂಡಿತು. ಮೆಣಸಿನ ಪುಡಿಯ ಡಬ್ಬಿ ಮೇಜಿನ ಮೇಲೇ ಇರುತ್ತದೆ. ಅದಕ್ಕೆ ಬಿಲ್ಲಿಲ್ಲ.