ಅಮ್ರ್ ಬಾಲದ ವಾವ್

ಹಿಂದಿನ ಅಂಕಣದಲ್ಲಿ ‘ಈಜಿಪ್ಟನ್ನು ಗೆದ್ದ ಅಮ್ರ್’ ಎಂದು ಬರೆದಿದ್ದೆ. ಓದುಗರೊಬ್ಬರು ಕಾರ್ಡು ಹಾಕಿದ್ದಾರೆ: ‘ಅಚ್ಚಿನ ತಪ್ಪು, ಉಮರ್ ಎಂದಿರಬೇಕಿತ್ತು.’ ತಪ್ಪಲ್ಲ. ಖಲೀಫ ಉಮರ್ ಇಬ್ನ್ ಅಲ್ ಖತ್ತಾಬ್ ಕೂತಿದ್ದು ಮದೀನಾದಲ್ಲಿ. 639ರ ಕೊನೆಗೆ ಈಜಿಪ್ಟಿನ ಗಡಿ ದಾಟಿ, ಆಮೇಲೆ ಫುಸ್ತಾತ್ ಪಟ್ಟಣ ಕಟ್ಟಿಸಿದ್ದು ಅವರ ಸೇನಾಪತಿ ಅಮ್ರ್ ಇಬ್ನ್ ಅಲ್ ಆಸ್. ಹಳೆ ಕೈರೋದಲ್ಲಿ ಅಮ್ರ್ ಹೆಸರಿನ ಮಸೀದಿ ಇವತ್ತಿಗೂ ಇದೆ.

ಓದುಗರ ಮೇಲೆ ಸಿಟ್ಟಿಲ್ಲ. ಈ ಎರಡು ಹೆಸರು ಅರಬ್ಬಿ ಓದುವವರನ್ನೇ ಎಡವಿಸಬಲ್ಲವು. ಆ ಲಿಪಿಯಲ್ಲಿ ಸಾಮಾನ್ಯವಾಗಿ ಹ್ರಸ್ವಸ್ವರ ಬರೆಯುವುದಿಲ್ಲ. ಉಮರ್ ಅಂದರೂ ಐನ್, ಮೀಮ್, ರಾ; ಅಮ್ರ್ ಅಂದರೂ ಅವೇ ಮೂರು. ಹಾಗಾಗಿ ಅಮ್ರ್ ಕೊನೆಗೊಂದು ವಾವ್ ಬರೆಯುತ್ತಾರೆ. ಬರೆಯುತ್ತಾರೆ ಅಷ್ಟೆ, ಉಲಿಯುವುದಿಲ್ಲ. ‘ನಾನು ಉಮರ್ ಅಲ್ಲ’ ಎಂದು ಹೇಳುವುದೊಂದೇ ಅದರ ಕೆಲಸ. ಕೆಲಸಕ್ಕೆ ಬಾರದವನನ್ನು ಅರಬ್ಬಿಯಲ್ಲಿ ‘ಅಮ್ರ್ ವಾವ್’ ಎಂದು ಹಂಗಿಸುವುದುಂಟು. ನನಗೆ ಅದು ಕೃತಘ್ನತೆಯಾಗಿ ಕಾಣುತ್ತದೆ.

ಈ ವಾವ್ ಬಗ್ಗೆ ಅವರಲ್ಲೊಂದು ಕಥೆಯಿದೆ. ನಮ್ಮ ವ್ಯಾಕರಣದ ಮೇಷ್ಟ್ರುಗಳಿಗೆ ‘ರಾಮನು ರಾವಣನನ್ನು ಕೊಂದನು’ ಇದ್ದ ಹಾಗೆ ಅವರಿಗೆ ‘ಝೈದ್ ಅಮ್ರನ್ನು ಹೊಡೆದ.’ ದಾವೂದ್ ಎಂಬ ಅಧಿಕಾರಿಯೊಬ್ಬ ವ್ಯಾಕರಣ ಕಲಿಯಲು ಕೂತ. ಪುಟ ಪುಟದಲ್ಲೂ ಅಮ್ರ್ ಪೆಟ್ಟು ತಿನ್ನುತ್ತಿದ್ದಾನೆ. ‘ಏನು ತಪ್ಪು ಮಾಡಿದ ಇವನು?’ ಅಂತ ಕೇಳಿದ. ‘ಸ್ವಾಮಿ, ಅದು ಬರೀ ಉದಾಹರಣೆ’ ಎಂದ ಪಂಡಿತನನ್ನು ಸೆರೆಮನೆಗೆ ಹಾಕಿಸಿದ. ಮುಂದಿನವನೂ ಹಾಗೇ ಹೇಳಿ ಹಾಗೇ ಒಳಗೆ ಹೋದ. ಸೆರೆಮನೆ ಪಂಡಿತರಿಂದ ತುಂಬಿತು. ಕೊನೆಗೆ ಬಂದವನೊಬ್ಬ ಜಾಣ. ‘ದಾವೂದ್ ಎಂದು ಬರೆಯಲು ಎರಡು ವಾವ್ ಬೇಕು. ತಮ್ಮ ಹೆಸರಿನಲ್ಲಿ ಒಂದೇ ಇದೆ. ಇನ್ನೊಂದನ್ನು ಕದ್ದು ತನ್ನ ಬಾಲಕ್ಕೆ ಕಟ್ಟಿಕೊಂಡವನು ಅಮ್ರ್. ಅದಕ್ಕೇ ಝೈದ್ ಹೊಡೆಯುತ್ತಿದ್ದಾನೆ’ ಎಂದ. ದಾವೂದನಿಗೆ ಪರಮಾನಂದ, ಏನು ಬೇಕೋ ಕೇಳು ಎಂದ. ಜಾಣ ಕೇಳಿದ್ದು ಒಳಗಿದ್ದ ಪಂಡಿತರ ಬಿಡುಗಡೆ.

ಲಿಪಿಕಾರರು ಗೊಂದಲ ತಪ್ಪಿಸಲೆಂದೇ ವಾವ್ ಸೇರಿಸಿದರು ಎಂಬುದು ರೂಢಿಯ ವಿವರಣೆ. ನಾನು ಒಪ್ಪುವುದಿಲ್ಲ. ಸಿರಿಯಾದ ನಮಾರಾದಲ್ಲಿ ಸಿಕ್ಕ, ಈಗ ಪ್ಯಾರಿಸಿನ ಲೂವ್ರ್ ಸಂಗ್ರಹದಲ್ಲಿರುವ, 328ರ ಶಾಸನವನ್ನು ನೋಡಿ. ನಬಾತೀ ಲಿಪಿಯಲ್ಲಿ, ಇಸ್ಲಾಮಿಗೂ ಮುನ್ನೂರು ವರ್ಷ ಹಿಂದೆ, ಅಮ್ರ್ ಮಗ ಇಮ್ರುಲ್ ಕೈಸ್ ಎಂಬ ರಾಜನ ಹೆಸರು ಕೆತ್ತಿದ್ದಾರೆ. (ಮುಂದೆ ಕವಿಯಾಗಿ ಹೆಸರಾದ ಇಮ್ರುಲ್ ಕೈಸ್ ಬೇರೆ. ಇಲ್ಲೂ ಅದೇ ಪಾಡು!) ಅಲ್ಲಿನ ಅಮ್ರ್‌ಗೂ ಬಾಲದಲ್ಲಿ ವಾವ್ ಇದೆ. ನಬಾತೀ ಬರಹದಲ್ಲಿ ಎಷ್ಟೋ ಅರಬ್ ಹೆಸರುಗಳಿಗೆ ಈ ಬಾಲವಿತ್ತು. ಉಳಿದ ಹೆಸರುಗಳು ಅದನ್ನು ಕಳಚಿ ಹಾಕಿದವು, ಉಮರ್ ಪಕ್ಕದಲ್ಲಿ ಬಾಳಬೇಕಾದ ಅಮ್ರ್ ಮಾತ್ರ ಉಳಿಸಿಕೊಂಡಿತು ಎಂಬುದು ನನ್ನ ಗಟ್ಟಿ ನಂಬಿಕೆ. ದ್ವಿತೀಯಾ ವಿಭಕ್ತಿಯಲ್ಲಿ ಅಮ್ರ್‌ಗೆ ಅಲಿಫ್ ಹತ್ತುತ್ತದೆ, ಉಮರ್‌ಗೆ ಹತ್ತುವುದಿಲ್ಲ. ಗೊಂದಲವಿಲ್ಲದ ಅಲ್ಲಿ ವಾವ್ ಕೂಡ ಇಲ್ಲ. ಅಜ್ಜಿಯ ಕಾಲದ ಪಾತ್ರೆಯನ್ನು ಬೇಕಾದಾಗ ಮಾತ್ರ ಅಟ್ಟದಿಂದ ಇಳಿಸಿದಂತೆ.

ನಮ್ಮಲ್ಲೀಗ ‘ಉಲಿಯದ್ದನ್ನು ಬರೆಯುವುದೇಕೆ’ ಎನ್ನುವವರು ಹೆಚ್ಚಾಗಿದ್ದಾರೆ. ಮಾತಿನಲ್ಲಿ ಧನವೂ ದನವೇ, ನಿಜ. ಹಾಗೆಂದು ಹೊಟ್ಟೆ ಸೀಳುವ ಆ ಪುಟ್ಟ ಗೀಟನ್ನು ಅಳಿಸಿಬಿಟ್ಟರೆ ‘ಧನ ಕಳೆದುಹೋಯಿತು’ ಎಂದು ಬರೆದವನ ಮನೆಗೆ ಹಗ್ಗ ಹಿಡಿದು ಓಡುತ್ತೇವೆ. ಈಚೆಗೆ ಮೊಬೈಲಿನಲ್ಲಿ ಬರುವ ಕನ್ನಡ ಓದುವಾಗ ಇದು ನನ್ನನ್ನು ನಿಜವಾಗಿ ನೋಯಿಸುತ್ತದೆ.

ಸೌದಿ ಅರೇಬಿಯಾದ ವಾಯವ್ಯದಲ್ಲಿ, ಅಲ್ ಉಲಾ ಸೀಮೆಯ ಒಂದು ಬಂಡೆಯ ಮೇಲೆ, ಝುಹೈರ್ ಎಂಬಾತ ಹಿಜರಿ 24ರಲ್ಲಿ, ಅಂದರೆ 644ರ ಸುಮಾರಿಗೆ, ಇಂಥವರು ತೀರಿಕೊಂಡ ಕಾಲದಲ್ಲಿ ಇದನ್ನು ಬರೆದೆ ಎಂದು ಕೆತ್ತಿದ್ದಾನೆ. ತೀರಿಕೊಂಡವರ ಹೆಸರಿಗೆ ಅವನು ಬಳಸಿದ್ದು ಮೂರೇ ಅಕ್ಷರ. ತಂದೆಯ ಹೆಸರಿಲ್ಲ, ಖಲೀಫ ಎಂಬ ಬಿರುದಿಲ್ಲ. ಐನ್, ಮೀಮ್, ರಾ. ಅದರ ಮುಂದೆ ವಾವ್ ಇಲ್ಲ.