ಕಣ್ಣಿಗೆ ಸುಣ್ಣ ಬಿದ್ದರೆ ನೀರು ಹಾಕಬಾರದೇ? ಸತ್ಯ ಇಲ್ಲಿದೆ

ಶಿರಾ, ಮಧುಗಿರಿ, ಪಾವಗಡ ಕಡೆಯ ಹಳ್ಳಿಗಳಲ್ಲಿ ಹಬ್ಬ ಬಂತೆಂದರೆ ಗೋಡೆಗೆ ಸುಣ್ಣ ಬಳಿಯುವ ಕೆಲಸ ಶುರುವಾಗುತ್ತದೆ. ಆಗ ಕೇಳಿಬರುವ ಮಾತೊಂದಿದೆ: ‘ಸುಣ್ಣಕ್ಕೆ ನೀರು ಬಿದ್ದರೆ ಕುದಿಯುತ್ತದೆ, ಆದ್ದರಿಂದ ಕಣ್ಣಿಗೆ ಸುಣ್ಣ ಬಿದ್ದರೆ ನೀರು ಹಾಕಬೇಡಿ.’ ಮೊದಲ ಅರ್ಧ ನಿಜ. ಎರಡನೆಯ ಅರ್ಧ ತಪ್ಪು, ಅಪಾಯಕಾರಿ ಕೂಡ.

ಸುಣ್ಣ ಕುದಿಯುವುದೇಕೆ?

ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಕಾರ್ಬನ್ ಡೈಆಕ್ಸೈಡ್ ಹೊರಹೋಗಿ ಸುಟ್ಟ ಸುಣ್ಣ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್ ಉಳಿಯುತ್ತದೆ. ಈ ಕ್ರಿಯೆ ಶಾಖವನ್ನು ಹೀರಿಕೊಳ್ಳುತ್ತದೆ. ಇದು ಅಂತರುಷ್ಣಕ ಕ್ರಿಯೆ.

ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಅದು ಅರಳಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಗುತ್ತದೆ. ಹಳೆಯ ಬಂಧಗಳನ್ನು ಮುರಿಯಲು ಶಕ್ತಿ ಬೇಕು, ಹೊಸ ಬಂಧಗಳು ಏರ್ಪಡುವಾಗ ಶಕ್ತಿ ಬಿಡುಗಡೆಯಾಗುತ್ತದೆ. ಇಲ್ಲಿ ಬಿಡುಗಡೆಯಾಗುವುದೇ ಹೆಚ್ಚು. ಹೀಗಾಗಿ ಇದು ಬಹಿರುಷ್ಣಕ ಕ್ರಿಯೆ. ಹತ್ತನೇ ತರಗತಿಯ ವಿಜ್ಞಾನದ ಮೊದಲ ಪಾಠದಲ್ಲಿ ಇದೇ ಪ್ರಯೋಗವಿದೆ.

ಎಷ್ಟು ಶಾಖ? ಒಂದು ಮೋಲ್‌ಗೆ, ಅಂದರೆ 56 ಗ್ರಾಂ ಸುಟ್ಟ ಸುಣ್ಣಕ್ಕೆ ಸುಮಾರು 65 ಕಿಲೋಜೂಲ್. ಲೆಕ್ಕ ಹಾಕಿದರೆ, ಒಂದು ಕಿಲೋ ಶುದ್ಧ ಸುಟ್ಟ ಸುಣ್ಣದ ಶಾಖ ಸುಮಾರು ಮೂರೂವರೆ ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಡ್ರಮ್ಮಿನಲ್ಲಿ ಸುಣ್ಣ ಕೊತಕೊತ ಕುದಿಯುವುದು ಇದಕ್ಕೇ.

ಹಾಗಿದ್ದರೂ ಕಣ್ಣಿಗೆ ನೀರು ಏಕೆ?

ಒಂದು, ಕಣ್ಣಿನಲ್ಲಿ ಕಣ್ಣೀರು ಇದ್ದೇ ಇದೆ. ನೀವು ನೀರು ಹಾಕದಿದ್ದರೂ ಸುಣ್ಣ ಅಲ್ಲಿ ನೆನೆಯುತ್ತದೆ.

ಎರಡು, ಬಿದ್ದಿರುವುದು ಚಿಟಿಕೆಯಷ್ಟು ಸುಣ್ಣ. ಧಾರಾಳವಾಗಿ ಹರಿಯುವ ನೀರು ಅದರ ಶಾಖವನ್ನೂ ಸುಣ್ಣವನ್ನೂ ಒಟ್ಟಿಗೆ ಹೊತ್ತೊಯ್ಯುತ್ತದೆ. ನಾಲ್ಕು ಹನಿ ಹಾಕಿ ಸುಮ್ಮನಾದರೆ ಈ ಲಾಭ ಸಿಗದು.

ಮೂರು, ದೊಡ್ಡ ಅಪಾಯ ಶಾಖದ್ದಲ್ಲ, ಕ್ಷಾರದ್ದು. ಸುಣ್ಣದ ಕ್ಷಾರ ಕಣ್ಣಿನ ಪದರಗಳೊಳಗೆ ಇಳಿಯುತ್ತಾ ಹೋಗುತ್ತದೆ. ದೃಷ್ಟಿಯೇ ಹೋಗಬಹುದು. ಎಲೆ ಅಡಿಕೆಯ ಸುಣ್ಣ ಈಗಾಗಲೇ ಅರಳಿದ್ದು, ಅದು ಬಿಸಿಯಾಗುವುದಿಲ್ಲ. ಆದರೆ ಕ್ಷಾರ ಅದರಲ್ಲೂ ಇದೆ. ಮಕ್ಕಳ ಕೈಗೆ ಸುಣ್ಣದ ಪೊಟ್ಟಣ ಕೊಡಬೇಡಿ.

ಏನು ಮಾಡಬೇಕು?

• ಕಣ್ಣು ಉಜ್ಜಬೇಡಿ. ಮುಖ, ರೆಪ್ಪೆಯ ಮೇಲಿನ ಒಣ ಸುಣ್ಣವನ್ನು ಬಟ್ಟೆಯಿಂದ ಬೇಗ ಒರೆಸಿ, ಆದರೆ ಇದಕ್ಕಾಗಿ ತಡಮಾಡಬೇಡಿ.
• ತಕ್ಷಣ ಶುದ್ಧ ನೀರನ್ನು ಕಣ್ಣಿಗೆ ಹರಿಸಿ. ರೆಪ್ಪೆ ತೆರೆದು ಹಿಡಿದು ಕನಿಷ್ಠ 20 ನಿಮಿಷ ತೊಳೆಯಿರಿ. ಒಂದೇ ಕಣ್ಣಾದರೆ ಆ ಕಣ್ಣು ಕೆಳಗಿರುವಂತೆ ತಲೆ ವಾಲಿಸಿ.
• ನಿಂಬೆರಸ, ವಿನೆಗರ್ ಹಾಕಬೇಡಿ. ಆಮ್ಲ ಮತ್ತು ಕ್ಷಾರ ಸೇರಿದಾಗಲೂ ಶಾಖ ಹೊರಬರುತ್ತದೆ. ಎಣ್ಣೆ, ಹಾಲು, ತುಪ್ಪವೂ ಬೇಡ.
• ತೊಳೆದ ನಂತರ ಉರಿ ಕಡಿಮೆಯಾದರೂ ಆಸ್ಪತ್ರೆಗೆ ಹೋಗಿ. ಆಂಬುಲೆನ್ಸ್‌ಗೆ 108.

ಸುಣ್ಣ ಅರಳಿಸುವಾಗ ಕನ್ನಡಕ ಧರಿಸಿ, ಮಕ್ಕಳನ್ನು ದೂರವಿಡಿ. ನೀರಿಗೆ ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಹಾಕಿ.

ಒಟ್ಟಿನಲ್ಲಿ: ಸುಣ್ಣಕ್ಕೆ ನೀರು ಸೇರಿದರೆ ಶಾಖ ಬರುವುದು ನಿಜ, ಆದರೆ ಕಣ್ಣಿಗೆ ಸುಣ್ಣ ಬಿದ್ದರೆ ನೀರು ಹಾಕಬಾರದು ಎಂಬುದು ಸುಳ್ಳು. ಆ ಮಾತು ನಿಮ್ಮ ಗ್ರೂಪ್‌ಗೆ ಬಂದರೆ ಮುಂದೆ ಕಳಿಸಬೇಡಿ, ಇದನ್ನು ಕಳಿಸಿ.